ನಿಮಗೆ ಕೆಲಸ ಹೇಳುತ್ತಿದ್ದವರು ಯಾರು

ನಾನು ನೀರು ಬಿಡುತ್ತಿದ್ದ ಊರಿನ ರಸ್ತೆಗಳ ಕೆಳಗೆ ನಲವತ್ತಮೂರು ವಾಲ್ವುಗಳಿದ್ದವು. ಎಷ್ಟಿವೆ ಎಂದು ಪುರಸಭೆಯ ಕಡತದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಡಾಂಬರು ಹಾಕಿದಾಗಲೆಲ್ಲ ಒಂದೆರಡು ಮುಚ್ಚಿಹೋಗುತ್ತಿದ್ದವು. ಹಾರೆ ಹಿಡಿದು ಹೋಗಿ, ಇಂಥ ಮನೆಯ ಜಗಲಿಯಿಂದ ಇಷ್ಟು ಹೆಜ್ಜೆ ಎಂದು ಅಳೆದು ಬಡಿದರೆ ಅಡಿಯಲ್ಲಿದ್ದ ಕಬ್ಬಿಣದ ಮುಚ್ಚಳ ಟಣ್ ಎನ್ನುತ್ತಿತ್ತು. ಯಾವುದು ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ, ಯಾವುದು ಎಡಕ್ಕೆ, ಯಾವುದನ್ನು ಹದಿನಾಲ್ಕು ಸುತ್ತಿಗಿಂತ ಹೆಚ್ಚು ಬಿಚ್ಚಿದರೆ ಮೇಲಿನ ಬೀದಿಗೆ ನೀರು ಏರುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆದರೆ ಈ ಒಂದು ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವನು ಆ ಊರಿನಲ್ಲಿ ಒಬ್ಬನೇ ಇದ್ದ.

ಅವನೇ ನನಗೆ ಕೆಲಸ ಕಲಿಸಿದವನು. ನನಗಿಂತ ಹದಿನೈದು ವರ್ಷ ದೊಡ್ಡವನು. ಒಡಹುಟ್ಟಿದವನಲ್ಲದಿದ್ದರೂ ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಸಲಾಕೆಯ ಒಂದು ತುದಿಯನ್ನು ಪೈಪಿನ ಮೇಲೆ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟರೆ, ನೆಲದೊಳಗೆ ಪೈಪು ಎಲ್ಲಿ ಒಡೆದಿದೆ ಎಂದು ಹೇಳಬಹುದು. ಒಡೆದ ಜಾಗ ಹತ್ತಿರವಿದ್ದರೆ ಎಣ್ಣೆಯಲ್ಲಿ ಬೋಂಡ ಬೇಯುವ ಹಾಗೆ ಸದ್ದು ಬರುತ್ತದೆ. ಹೋಲಿಕೆಯೂ ಅಣ್ಣನದೇ. ನಾನು ಕಲಿತುಕೊಂಡ ಮೇಲೆ ಅವನು ಸಲಾಕೆಯನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ನಿಂತುಬಿಡುತ್ತಿದ್ದ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ಸೀಮೆಯ ಊರೊಂದು ಎಂದಷ್ಟೇ ಬರೆಯುತ್ತೇನೆ. ಅಲ್ಲಿ ನನ್ನ ನೆಂಟರಿದ್ದಾರೆ, ಅವರ ಮನೆಗೂ ಅದೇ ನೀರು ಹೋಗಬೇಕು.

ನಾವು ಆರು ಜನ ವಾಲ್‌ಮನ್‌ಗಳು ಪುರಸಭೆಯಲ್ಲಿ ದಿನಗೂಲಿಗೆ ಸೇರಿದವರು. ಆದೇಶ ಪತ್ರ ಅಂತ ಯಾರ ಹತ್ತಿರವೂ ಇರಲಿಲ್ಲ. ಇವತ್ತಲ್ಲ ನಾಳೆ ಖಾಯಂ ಮಾಡುತ್ತೇವೆ ಎಂದು ಬಂದ ಎಂಜಿನಿಯರರೆಲ್ಲ ಹೇಳಿದರು, ಹೇಳಿ ವರ್ಗವಾಗಿ ಹೋದರು. ನನಗೆ ಅದರ ಕೊರಗು ಅಷ್ಟಿರಲಿಲ್ಲ. ಬೆಳಿಗ್ಗೆ ವಾಲ್ವು ಬಿಚ್ಚಿ ಬೀದಿಯಲ್ಲಿ ನಡೆದರೆ, ಕೊಡ ಹಿಡಿದು ನಿಂತ ಹೆಂಗಸರು, ಬಂದ್ರಾ, ಇನ್ನೇನ್ ನೀರ್ ಬತ್ತದೆ ಬುಡಿ ಎನ್ನುತ್ತಿದ್ದರು. ಅದು ನನಗೆ ಸಾಕಾಗಿತ್ತು.

ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಬಂದಾಗ ನಮ್ಮ ಊರು ಬಾಡಿಗೆದಾರರಿಂದ ತುಂಬಿಹೋಯಿತು. ರಾಗಿ ಹೊಲ, ಹಿಪ್ಪುನೇರಳೆ ತೋಟಗಳಿಗೆ ಕಲ್ಲು ನೆಟ್ಟು ಬಡಾವಣೆ ಎಂದರು. ಮೂರು ದಿನಕ್ಕೊಮ್ಮೆ ಬಿಡುತ್ತಿದ್ದ ನೀರನ್ನು ಐದು ದಿನಕ್ಕೊಮ್ಮೆ ಬಿಡಬೇಕಾಯಿತು. ಜನ ಬೇಕು ಎಂದರೆ ಹೊಸ ಹುದ್ದೆ ಕೊಡುವ ಹಾಗಿಲ್ಲ, ಮೇಲಿನಿಂದ ಆದೇಶ ಬಂದಿದೆ ಎಂದರು. ಒಂದು ದಿನ ಸಹಾಯಕ ಎಂಜಿನಿಯರರು ನಮ್ಮ ಆರೂ ಜನರನ್ನು ಕರೆಸಿದರು.

"ಮುಂದಿನ ತಿಂಗಳಿಂದ ನೀರು ಬಿಡೋ ಕೆಲಸ ಟೆಂಡರ್ ಆಗಿದೆ. ಹೊರಗುತ್ತಿಗೆ. ಗಾಬರಿ ಬೀಳಬೇಡಿ, ನಿಮ್ಮನ್ನೇನೂ ತೆಗೆದಿಲ್ಲ. ಕೆಲಸ ಅದೇ, ವಾಲ್ವು ಅದೇ. ಸಂಬಳ ಕೊಡೋರು ಬೇರೆ, ಅಷ್ಟೆ."

"ನೀರೂ ಅದೇನಾ ಸಾ, ಇಲ್ಲ ಅದೂ ಕಂಟ್ರಾಕ್ಟಾ?" ಎಂದ ಅಣ್ಣ.

ಎಂಜಿನಿಯರರೂ ನಕ್ಕರು. ನಾವೂ ನಕ್ಕು ಹೊರಗೆ ಬಂದೆವು.

ಗುತ್ತಿಗೆದಾರನ ಕಡೆಯಿಂದ ನೀಲಿ ಶರಟು ಬಂತು. ಮರುವರ್ಷ ಟೆಂಡರು ಇನ್ನೊಬ್ಬನಿಗೆ ಹೋಯಿತು, ಹಸಿರು ಶರಟು ಬಂತು. ಮೂರನೆಯವನು ಬೂದು ಶರಟು ಕೊಟ್ಟ. ಆ ಗುತ್ತಿಗೆದಾರರಲ್ಲಿ ಒಬ್ಬನನ್ನೂ ನಾವು ಕಂಡವರಲ್ಲ. ಎಲ್ಲರದೂ ಬೆಂಗಳೂರಿನಲ್ಲಿ ಆಫೀಸು. ತಿಂಗಳಿಗೊಮ್ಮೆ ಬೈಕಿನಲ್ಲಿ ಒಬ್ಬ ಸೂಪರ್‌ವೈಸರ್ ಬರುತ್ತಿದ್ದ. ಓವರ್‌ಹೆಡ್ ಟ್ಯಾಂಕಿನ ನೆರಳಲ್ಲಿ ಟೀ ಕುಡಿದು, ಸಹಿ ಹಾಕಿಸಿಕೊಂಡು, ಹೋಗುವಾಗ ಬೆಂಗಳೂರು ರಸ್ತೆಗೆ ಹತ್ತಿರದ ದಾರಿ ಯಾವುದು ಎಂದು ನನ್ನನ್ನೇ ಕೇಳಿ ಹೋಗುತ್ತಿದ್ದ.

ಕೇಸು ಹುಟ್ಟಿದ್ದು ಒಂದು ಹಾರದಿಂದ. ಪುರಸಭೆಯ ಪಂಪ್ ಆಪರೇಟರ್ ಒಬ್ಬರು ನಿವೃತ್ತರಾದರು. ಅವರು ಖಾಯಂ ನೌಕರರು. ಕಚೇರಿಯ ಅಂಗಳದಲ್ಲಿ ಶಾಮಿಯಾನ ಹಾಕಿ, ಹಾರ ಹಾಕಿ, ಪಿಂಚಣಿ ಕಾಗದ ಕೈಗೆ ಕೊಟ್ಟು, ಜೀಪಿನಲ್ಲಿ ಮನೆಗೆ ಬಿಟ್ಟರು. ಅವರೂ ಅಣ್ಣನೂ ಒಂದೇ ತಿಂಗಳಲ್ಲಿ ಕೆಲಸಕ್ಕೆ ಸೇರಿದವರಂತೆ. ಅಣ್ಣ ಕೈಯಲ್ಲಿದ್ದ ಮೈಸೂರುಪಾಕನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

"ಇನ್ ಮೂರ್ ವರ್ಸಕ್ಕೆ ನಂಗೂ ಅರವತ್ತು ಕಣ್ಲಾ. ನನ್ನ ಯಾವ ಜೀಪಲ್ಲಿ ಬುಟ್‌ಬತ್ತಾರೆ?"

ಆ ವಾರವೇ ನಾವು ಆರು ಜನ ಕೂತು ಬೆಂಗಳೂರಿನ ಒಬ್ಬ ವಕೀಲರನ್ನು ನೋಡುವುದೆಂದು ತೀರ್ಮಾನ ಮಾಡಿದೆವು. ಉಳಿದ ನಾವೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದವರು. ಆತುರ ಇದ್ದದ್ದು ಅಣ್ಣನಿಗೆ. ಅರವತ್ತು ತುಂಬುವ ಮುಂಚೆ ಅವನು ಪುರಸಭೆಯ ನೌಕರ ಎಂದು ತೀರ್ಪಾದರೆ ಪಿಂಚಣಿ. ಇಲ್ಲದಿದ್ದರೆ ಗುತ್ತಿಗೆದಾರನ ಶರಟು ಬಿಚ್ಚಿಕೊಟ್ಟು ಬರಿಗೈಯಲ್ಲಿ ಮನೆಗೆ.

ವಕೀಲರು ಐವತ್ತು ದಾಟಿದ ಹೆಂಗಸು, ನಿಧಾನಕ್ಕೆ ಮಾತಾಡುವವರು. ನಾವು ಮೇಡಂ ಎನ್ನುತ್ತಿದ್ದೆವು. ಮೊದಲು ಲೇಬರ್ ಆಫೀಸಿನಲ್ಲಿ ರಾಜಿ ಮಾತುಕತೆ ನಡೆಯಿತು. ಪುರಸಭೆಯವರು ಬಂದು ಇವರು ನಮ್ಮವರಲ್ಲ ಎಂದರು, ಗುತ್ತಿಗೆದಾರ ಬರಲೇ ಇಲ್ಲ. ಅಲ್ಲಿಂದ ಫೈಲು ಸರ್ಕಾರಕ್ಕೆ ಹೋಗಿ, ಸುತ್ತಿ ಸುತ್ತಿ ಕಾರ್ಮಿಕ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು.

ಮೇಡಂ ನಮಗೆ ಕಾನೂನು ವಿವರಿಸಿದ್ದು ಕೋರ್ಟಿನ ಹೊರಗಿನ ಕಲ್ಲು ಬೆಂಚಿನ ಮೇಲೆ.

"ಸರ್ಕಾರ ತನ್ನ ಕೆಲಸಾನ ಗುತ್ತಿಗೆಗೆ ಕೊಡಬಹುದು. ಅದು ತಪ್ಪಲ್ಲ. ಆದರೆ ಆ ಗುತ್ತಿಗೆ ನಿಜವಾದ್ದಾ, ಬರೀ ಕಾಗದದ ಮೇಲಿನ ತೆರೆಯಾ ಅಂತ ಕೋರ್ಟು ನೋಡತ್ತೆ. ತೆರೆ ಸರಿಸಿದರೆ ಹಿಂದೆ ಪುರಸಭೆ ಕಾಣಿಸಿದರೆ, ನೀವು ಪುರಸಭೆಯವರು."

"ಅದೆಂಗ್ ನೋಡ್ತಾರೆ ಮೇಡಂ?" ಎಂದೆ.

"ನಿಮಗೆ ಕೆಲಸ ಹೇಳ್ತಿದ್ದವರು ಯಾರು, ಮೇಲ್ವಿಚಾರಣೆ ಯಾರದು, ತಪ್ಪಿದರೆ ಗದರಿಸ್ತಿದ್ದವರು ಯಾರು, ಅದನ್ನ ಕೇಳ್ತಾರೆ. ಎಂಜಿನಿಯರ್ ಹೇಳ್ತಿದ್ರು ಅಂತಾದರೆ ನಮ್ಮ ಕಡೆ. ಇಡೀ ಕೇಸು ಇದರ ಮೇಲೆ ನಿಂತಿದೆ, ನೆನಪಿಟ್ಟುಕೊಳ್ಳಿ."

ಪುರಸಭೆಯಲ್ಲಿ ಒಂದು ದೂರು ಪುಸ್ತಕವಿತ್ತು. ಯಾವ ಬೀದಿಗೆ ನೀರು ಬಂದಿಲ್ಲ ಎಂದು ಅದರಲ್ಲಿ ಎಂಜಿನಿಯರರು ಬರೆದು ಸಹಿ ಹಾಕುತ್ತಿದ್ದರು, ನಾವು ನೋಡಿಕೊಂಡು ಹೋಗುತ್ತಿದ್ದೆವು. ಅದನ್ನು ತರಿಸಿ ಎಂದು ಮೇಡಂ ಅರ್ಜಿ ಹಾಕಿದರು. ಹಳೆಯದಾಗಿ ಗೆದ್ದಲು ತಿಂದಿದೆ ಎಂದು ಉತ್ತರ ಬಂತು. ಹಾಗಾಗಿ ಉಳಿದದ್ದು ಬಾಯಿ ಸಾಕ್ಷಿ ಒಂದೇ. ಆರು ಜನರ ಪರವಾಗಿ ಒಬ್ಬ ನಿಲ್ಲಬೇಕು.

ಅಣ್ಣನೇ ನಿಲ್ಲಬೇಕಿತ್ತು, ಹಿರಿಯ. ಅವನು ಒಪ್ಪಲಿಲ್ಲ. "ಕೋರ್ಟಲ್ಲಿ ನಂಗೆ ನಾಲ್ಗೆ ಏಳಕಿಲ್ಲ ಕಣ್ಲಾ. ನೀನೇ ನಿಂತ್ಕೊ. ನಿನ್ ಮಾತು ಸಾಚಾ ಅನ್ನಿಸ್ತದೆ" ಎಂದ. ನನಗೂ ಒಳಗೊಳಗೆ ಖುಷಿಯೇ ಆಯಿತು. ಹೆಂಡತಿಯಿಂದ ಬಿಳಿ ಶರಟಿಗೆ ಇಸ್ತ್ರಿ ಮಾಡಿಸಿದೆ. ಗುತ್ತಿಗೆದಾರನ ಬೂದು ಶರಟು ಹಾಕಿಕೊಂಡು ಬರಬೇಡಿ ಎಂದು ಮೇಡಂ ಮೊದಲೇ ಹೇಳಿದ್ದರು.

ಮೂರು ವಾಯಿದೆಗೆ ಸುಮ್ಮನೆ ಹೋಗಿ ಬಂದೆವು. ಒಮ್ಮೆ ಎದುರಿನ ವಕೀಲರು ಬಂದಿರಲಿಲ್ಲ, ಒಮ್ಮೆ ನ್ಯಾಯಾಧೀಶರು ರಜ, ಇನ್ನೊಮ್ಮೆ ಏನೆಂದೇ ತಿಳಿಯಲಿಲ್ಲ. ನಾಲ್ಕನೇ ಸಲ ನನ್ನ ಹೆಸರು ಕೂಗಿದರು. ಅಣ್ಣ ಹಿಂದಿನ ಬೆಂಚಿನಲ್ಲಿ ಟವೆಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಪುರಸಭೆಯ ಪರವಾಗಿ ಬಂದ ವಕೀಲರು ಗದರಿಸುವವರೆಂದು ನಾನು ಎಣಿಸಿದ್ದೆ. ಅವರು ನನ್ನನ್ನು ಮನೆಗೆ ಬಂದ ನೆಂಟನ ಹಾಗೆ ಮಾತಾಡಿಸಿದರು.

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೀರಿ?"

"ಹದ್ನೇಳ್ ವರ್ಸ ಆಯ್ತು ಸ್ವಾಮಿ."

"ನಿಮ್ಮ ಮೇಲೆ ದೂರು ಏನಾದರೂ?"

"ಒಂದೂ ಇಲ್ಲ."

"ನಿಜ. ನಾನೂ ವಿಚಾರಿಸಿದೆ, ಊರಲ್ಲೆಲ್ಲ ಒಳ್ಳೇ ಮಾತೇ ಹೇಳಿದರು." ಕೈಯಲ್ಲಿದ್ದ ಕಾಗದ ತಿರುವಿದರು. "ದಿನಾ ಎಂಜಿನಿಯರ್ ಹೇಳಿದ ಹಾಗೆ ಕೆಲಸ ಮಾಡ್ತಿದ್ದೆ ಅಂತ ನಿಮ್ಮ ಪ್ರಮಾಣಪತ್ರದಲ್ಲಿದೆ. ಸರೀನಾ?"

"ಸರಿ ಸ್ವಾಮಿ."

"ಈಗಿರೋ ಎಂಜಿನಿಯರ್ ಊರಿಗೆ ಬಂದು ಎಷ್ಟು ದಿನ ಆಯ್ತು?"

"ಎಂಟ್ ತಿಂಗ್ಳು."

"ಬಂದ ಮೊದಲನೇ ದಿನಾನೇ, ಈ ವಾಲ್ವು ಇಷ್ಟು ತಿರುಗಿಸು, ಅದು ಅಷ್ಟು ತಿರುಗಿಸು ಅಂತ ನಿಮಗೆ ಹೇಳಿದರಾ?"

ನಾನು ಮೇಡಂ ಕಡೆ ನೋಡಿದೆ. ಅವರು ಮೇಜಿನ ಮೇಲಿನ ಕಾಗದ ನೋಡುತ್ತಿದ್ದರು.

"ಅಂದರೆ ಅವರು ಹೇಳದೇ ಇದ್ದರೆ ವಾಲ್ವು ಎಲ್ಲಿದೆ ಅನ್ನೋದೇ ನಿಮಗೆ ತಿಳೀತಿರಲಿಲ್ಲ. ಅವರು ಕೈ ಹಿಡಿದು ತೋರಿಸಬೇಕಾಗಿತ್ತು. ಹಾಗೇ ತಾನೆ?"

ಅಲ್ಲಿಯವರೆಗೆ ನನಗೆ ಹೇಳಿಕೊಟ್ಟಿದ್ದೆಲ್ಲ ನೆನಪಿತ್ತು. ಹೌದು ಎಂಬ ಒಂದು ಮಾತು ಸಾಕಾಗಿತ್ತು. ಅಷ್ಟು ಜನರ ಮುಂದೆ, ಅಣ್ಣನ ಮುಂದೆ, ಮೊನ್ನೆ ಬಂದ ಹುಡುಗ ನನ್ನ ಕೈ ಹಿಡಿದು ಕೆಲಸ ತೋರಿಸಿದ ಎಂದು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

"ಅವ್ರಿಗೇನ್ ಗೊತ್ತು ಸ್ವಾಮಿ? ಅವ್ರೇ ನನ್ನ ಕೇಳ್ಕಂಡ್ ಓಡಾಡ್ತಿದ್ರು. ಹದ್ನೇಳ್ ವರ್ಸದಲ್ಲಿ ನಂಗೆ ಇಂಗ್ ಮಾಡು ಅಂತ ಯೋಳ್ದೋರು ಒಬ್ರೂ ಇಲ್ಲ. ಯೋಳುಸ್ಕಳ್ಳಂಗೆ ನಾನ್ ಕೆಲ್ಸ ಮಾಡಿಲ್ಲ."

"ಯಾರೂ ಹೇಳ್ತಿರಲಿಲ್ಲ?"

"ಯಾಕ್ ಯೋಳ್ಬೇಕು? ನನ್ ಕೆಲ್ಸ ನಂಗ್ ಗೊತ್ತು."

"ಅಷ್ಟೇ ಸ್ವಾಮಿ," ಎಂದು ಅವರು ನ್ಯಾಯಾಧೀಶರಿಗೆ ತಲೆಬಾಗಿ ಕೂತುಬಿಟ್ಟರು.

ನ್ಯಾಯಾಧೀಶರು ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ನನಗೆ ಆಗ ಎದೆ ತುಂಬಿದಂತಾಗಿತ್ತು, ಸುಳ್ಳು ಹೇಳುವುದಿಲ್ಲ. ಮೇಡಂ ಎದ್ದು, ಎಂಜಿನಿಯರ್ ನಿಮಗೆ ಫೋನ್ ಮಾಡುತ್ತಿರಲಿಲ್ಲವೇ ಎಂದು ಕೇಳಿದರು. ಮಾಡುತ್ತಿದ್ದರು ಎಂದೆ. ಏನಂತ ಎಂದರು. ಎಲ್ಲೋ ನೀರು ಹೋಗಿಲ್ಲವಂತೆ, ಒಸಿ ನೋಡಪ್ಪ, ಅಂತ ಎಂದೆ. ನ್ಯಾಯಾಧೀಶರಿಗೂ ಸಣ್ಣಗೆ ನಗು ಬಂತು. ಮೇಡಂ ಕೂತರು.

ಹೊರಗೆ ಬರುತ್ತಿದ್ದಂತೆ ಅಣ್ಣ ನನ್ನ ಬೆನ್ನು ತಟ್ಟಿದ. "ಚೆಂದಾಗ್ ಯೋಳ್ದೆ ಕಣ್ಲಾ. ಆ ಎಂಜಿನೇರು ಇಲ್ಲೇ ಇದ್ದು ಕೇಳುಸ್ಕಬೇಕಾಗಿತ್ತು."

ಮೇಡಂ ನಮ್ಮ ಹಿಂದೆಯೇ ಬಂದರು. ಕರಿಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡು ನನ್ನ ಕಡೆ ತಿರುಗಿದರು. ಬಯ್ಯುತ್ತಾರೆ ಎಂದುಕೊಂಡೆ.

"ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಕಷ್ಟ," ಎಂದರು. "ಯಾರೂ ನಿಮ್ಮ ಮೇಲ್ವಿಚಾರಣೆ ಮಾಡಿಲ್ಲ ಅಂತ ನೀವೇ ಹೇಳಿದ ಮೇಲೆ, ಪುರಸಭೆ ಮಾಡ್ತಿತ್ತು ಅಂತ ನಾನು ಹೇಗೆ ವಾದ ಮಾಡಲಿ?"

"ಕಂಟ್ರಾಕ್ಟ್ರೂ ಮಾಡ್ತಿರ್ನಿಲ್ವಲ್ಲ ಮೇಡಂ."

"ಗುತ್ತಿಗೆದಾರ ಮಾಡ್ತಿದ್ದ ಅಂತ ಪುರಸಭೆ ತೋರಿಸಬೇಕಾಗಿಲ್ಲ. ಕಾಗದ ಅವರ ಕಡೆ ಇದೆ. ಆ ಕಾಗದ ಸುಳ್ಳು ಅಂತ ನಾವು ತೋರಿಸಬೇಕು."

ಬಸ್ಸು ಬಿಡದಿಗೆ ಬಂದಾಗ ಹಸಿವಾಗುತ್ತಿದೆ ಎಂದು ಅಣ್ಣನೇ ಇಳಿಸಿದ. ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ ಕೇಳಿದ.

"ಮೇಡಂ ಯೋಳಿದ್ದು ನಂಗ್ ಪೂರ್ತಿ ಅರ್ತ ಆಗ್ನಿಲ್ಲ. ನೀನ್ ಯೋಳಿದ್ದು ತೆಪ್ಪಾಯ್ತಾ?"

ನಾನು ವಿವರಿಸಿದೆ. ನನ್ನ ತಪ್ಪನ್ನು ಅವನಿಗೆ ನಾನೇ ಅರ್ಥ ಮಾಡಿಸಬೇಕಾಗಿ ಬಂತು. ಎಂಜಿನಿಯರ್ ನನಗೆ ಕೆಲಸ ಹೇಳಿಕೊಡುತ್ತಿದ್ದ, ಅವನಿಲ್ಲದೆ ನನಗೆ ಆಗುತ್ತಿರಲಿಲ್ಲ ಎಂದು ಹೇಳಿದ್ದರೆ ನಾವು ಪುರಸಭೆಯ ಆಳುಗಳಾಗುತ್ತಿದ್ದೆವು. ನನಗೇ ಎಲ್ಲ ಗೊತ್ತು ಎಂದದ್ದಕ್ಕೆ ಆಗಲಿಲ್ಲ. ಅಣ್ಣ ಇಡ್ಲಿ ಮುರಿದು ಚಟ್ನಿಗೆ ಅದ್ದಿ ತಿಂದ. ತಿಂದು ಮುಗಿಸಿ ನೀರು ಕುಡಿದ ಮೇಲೆ ಹೇಳಿದ.

"ಅಂಗಾರೆ ನಿಂಗೆ ನಾನ್ ಅಷ್ಟ್ ಚೆಂದಾಗಿ ಕೆಲ್ಸ ಕಲಿಸ್ಬಾರ್ದಾಗಿತ್ತು."

ತಮಾಷೆಗೆ ಹೇಳಿದ್ದು. ಅವನೂ ನಕ್ಕ. ನನ್ನ ಇಡ್ಲಿ ತಟ್ಟೆಯಲ್ಲೇ ಉಳಿಯಿತು.

ತೀರ್ಪು ಬರಲು ಮತ್ತೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಬೇರೆ ದಾರಿ ಏನಾದರೂ ಇದೆಯಾ ಎಂದು ನಾನು ಸಿಕ್ಕಿದವರನ್ನೆಲ್ಲ ಕೇಳಿದೆ. ಪುರಸಭೆಯ ಸದಸ್ಯರೊಬ್ಬರ ಮನೆಗೆ ಹೋದೆ. ಅವರು ಕಾಫಿ ಕೊಡಿಸಿ, ಕೋರ್ಟಿನಲ್ಲಿರುವ ವಿಷಯ, ನಾವು ಬಾಯಿ ಹಾಕುವ ಹಾಗಿಲ್ಲ ಎಂದರು. ಕೇಸು ಹಾಕುವ ಮುಂಚೆ ಹೋದಾಗ, ಇದು ಸರ್ಕಾರದ ನೀತಿ, ಬೇಕಾದರೆ ಕೋರ್ಟಿಗೆ ಹೋಗಿ ಎಂದು ಕಾಫಿ ಕೊಡಿಸಿದವರೂ ಅವರೇ. ವಾಲ್ವು ಬಿಚ್ಚುವಾಗ, ನಡೆಯುವಾಗ, ಸ್ನಾನ ಮಾಡುವಾಗ ನನ್ನೊಳಗೆ ಪಾಟೀಸವಾಲು ನಡೆಯುತ್ತಲೇ ಇತ್ತು. ಹೌದು ಸ್ವಾಮಿ, ಅವರು ತೋರಿಸಬೇಕಾಗಿತ್ತು ಎಂದು ಮನಸ್ಸಿನಲ್ಲಿ ಹೇಳಿಕೊಂಡು ನೋಡುತ್ತಿದ್ದೆ. ಒಂದೊಂದು ದಿನ ಹೇಳಲು ಬರುತ್ತಿತ್ತು, ಒಂದೊಂದು ದಿನ ಆಗಲೂ ಬರುತ್ತಿರಲಿಲ್ಲ.

ನಮ್ಮ ಅರ್ಜಿ ವಜಾ ಆಯಿತು. ತೀರ್ಪು ಇಂಗ್ಲಿಷಿನಲ್ಲಿತ್ತು. ಮೇಡಂ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ನೀರು ಕೊಡುವುದು ಪುರಸಭೆಯ ಕರ್ತವ್ಯವೇ ಆದರೂ, ಅದನ್ನು ಯಾರ ಕೈಯಿಂದ ಮಾಡಿಸಬೇಕು ಎನ್ನುವುದು ಪುರಸಭೆಗೆ ಬಿಟ್ಟದ್ದು. ಅರ್ಜಿದಾರರ ಮೇಲೆ ಪುರಸಭೆಯ ನಿಯಂತ್ರಣವಿತ್ತೆಂದು ಸಾಬೀತಾಗಿಲ್ಲ. ಇದನ್ನು ಅರ್ಜಿದಾರರ ಸಾಕ್ಷಿಯೇ ಒಪ್ಪಿಕೊಂಡಿದ್ದಾನೆ. ಅಲ್ಲಿಗೆ ಬಂದಾಗ ಮೇಡಂ ದನಿ ಸ್ವಲ್ಪ ಇಳಿಸಿದರು.

"ಅಂಗಾರೆ ನಾವ್ ಯಾರ ಆಳ್ಗೋಳಂತೆ?" ಎಂದ ಅಣ್ಣ.

"ಗುತ್ತಿಗೆದಾರರ ನೌಕರರು ಅಂತ."

"ಯಾವನಂತೆ ಅವ್ನು? ನೀಲಿಯವ್ನಾ, ಹಸಿರ್ನವ್ನಾ, ಬೂದಿಯವ್ನಾ?"

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೈಕೋರ್ಟಿಗೆ ಹೋಗಬಹುದು ಎಂದರು. ಅಲ್ಲಿ ನಾನು ಇನ್ನೊಂದು ಸಲ ಸರಿಯಾಗಿ ಸಾಕ್ಷಿ ಹೇಳುತ್ತೇನೆ ಎಂದೆ. ಅಲ್ಲಿ ಸಾಕ್ಷಿಯನ್ನು ಮತ್ತೆ ಕೇಳುವುದಿಲ್ಲ, ಇಲ್ಲಿ ಬರೆಸಿದ್ದನ್ನೇ ಅವರೂ ಓದುತ್ತಾರೆ ಎಂದರು. ನಾವು ಕೈಮುಗಿದು ಬಂದೆವು. ಹೈಕೋರ್ಟಿಗೆ ಹೋಗಲಿಲ್ಲ.

ಹೊಸ ಟೆಂಡರಿನವನು ಕೇಸು ಹಾಕಿದ ಆರು ಜನರನ್ನೂ ಬಿಟ್ಟು ಬೇರೆಯವರನ್ನು ತಂದ. ಮೂರೇ ದಿನದಲ್ಲಿ ಅರ್ಧ ಊರಿಗೆ ನೀರಿಲ್ಲದಂತಾಯಿತು. ಕೊಡ ಹಿಡಿದ ಹೆಂಗಸರು ಪುರಸಭೆಯ ಮುಂದೆ ಕೂತರು. ನಾಲ್ಕನೇ ದಿನ ಎಂಜಿನಿಯರರು ನನ್ನ ಮನೆ ಬಾಗಿಲಿಗೆ ಬಂದರು. ನೀವೊಬ್ಬರಾದರೂ ಬನ್ನಿ, ಆ ಹುಡುಗರಿಗೆ ಒಂದೂ ಸಿಗುತ್ತಿಲ್ಲ ಎಂದರು. ಅಣ್ಣನನ್ನೂ ಕರೆದರೆ ಬರುತ್ತೇನೆ ಎಂದೆ. ಅದು ನನ್ನ ಕೈಯಲ್ಲಿಲ್ಲ, ಗುತ್ತಿಗೆದಾರರು ಅರವತ್ತರ ಹತ್ತಿರದವರನ್ನು ಬೇಡ ಅಂದಿದ್ದಾರೆ ಎಂದರು. ಮನೆಯೊಳಗೆ ಹೆಂಡತಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹೋಗಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಹೋದೆ.

ಅಣ್ಣನಿಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದಾಗ, "ಓಗ್ಲೇಬೇಕು ಕಣ್ಲಾ, ಜನ ನೀರ್ ಕುಡೀಬೇಡ್ವಾ" ಎಂದ. ಆಮೇಲೆ ಅವನು ನಮ್ಮ ಕಡೆ ಬರುವುದು ಕಡಿಮೆಯಾಯಿತು. ಬಿಡದಿಯಲ್ಲಿ ಒಂದು ಕಾರ್ಖಾನೆಗೆ ಸೇರಿದ್ದಾನೆ ಎಂದು ಯಾರೋ ಹೇಳಿದರು.

ಒಂದು ಭಾನುವಾರ ಹುಡುಕಿಕೊಂಡು ಹೋದೆ. ಕಾರ್ಖಾನೆಯ ಹಿಂದಿನ ಗೇಟಿನಲ್ಲಿ, ತಗಡಿನ ಗೂಡಿನ ನೆರಳಲ್ಲಿ, ಸೆಕ್ಯುರಿಟಿಯವರ ಬಟ್ಟೆ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬಟ್ಟೆ ದೊಡ್ಡದಾಗಿತ್ತು, ತೋಳು ಮಡಿಸಿಕೊಂಡಿದ್ದ. ಬಿಸಿಲಿಗೆ ಬೆನ್ನು ಮಾಡಿ ಬರುತ್ತಿದ್ದ ನನ್ನ ಗುರುತು ಹತ್ತಲಿಲ್ಲವೇನೋ, ದಡಬಡ ಎದ್ದು, ಬಿಚ್ಚಿಟ್ಟಿದ್ದ ಬೂಟಿಗೆ ಕಾಲು ತೂರಿಸಿ, ಟೋಪಿ ಹಾಕಿಕೊಂಡು ನೆಟ್ಟಗೆ ನಿಂತ. ಹತ್ತಿರ ಬಂದ ಮೇಲೆ ಉಸಿರು ಬಿಟ್ಟ.

"ಏನ್ಲಾ, ನೀನಾ. ಚೆಕ್ಕಿಂಗ್ನೋರು ಬಂದ್ರು ಅಂದ್ಕಂಡೆ."

"ಭಾನುವಾರನೂ ಬತ್ತಾರಾ ಅಣ್ಣ?"

"ದಿನಕ್ಕೆ ಮೂರ್ ಸಲ. ಎದ್ದಿದ್ದೀಯಾ ಮಲ್ಗಿದ್ದೀಯಾ ಅಂತ ನೋಡ್ಕಂಡು ಬರ್ಕಂಡ್ ಓಯ್ತಾರೆ. ಎಂಗ್ ಕೂತ್ಕಬೇಕು ಅನ್ನಾದೂ ಅವ್ರೇ ಯೋಳಾದು."

ಸಂಬಳ ಯಾರು ಕೊಡುತ್ತಾರೆ ಎಂದೆ. ಕಾರ್ಖಾನೆಯಲ್ಲ, ಯಾವುದೋ ಏಜೆನ್ಸಿ ಎಂದ. ಬೀಡಿ ಸೇದುವಂತಿಲ್ಲವಂತೆ. ಕುರ್ಚಿ ಒಂದೇ ಇತ್ತು, ಕೂತ್ಕೊ ಎಂದು ನನ್ನ ಕಡೆ ತಳ್ಳಿದ. ನಾನು ಕೂರಲಿಲ್ಲ, ಅವನೂ ಕೂರಲಿಲ್ಲ. ಊರಿನ ಸುದ್ದಿ ಕೇಳಿದ. ಮೇಲಿನ ಬೀದಿಗೆ ನೀರು ಸರಿಯಾಗಿ ಏರುತ್ತದಾ ಎಂದು ಕೇಳಿದ. ಏರುತ್ತದೆ ಎಂದೆ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಬೈಕಿನ ಸದ್ದಾಯಿತು.

"ನೀನ್ ಒಸಿ ಆಕಡೀಕ್ ಓಗ್ಲಾ," ಎಂದ ಅಣ್ಣ, ನನ್ನ ಮುಖ ನೋಡದೆ. "ಗೇಟಲ್ಲಿ ಮಾತಾಡ್ಕಂಡ್ ನಿಂತ್ಕಬಾರ್ದು ಅಂದವ್ರೆ."

ನಾನು ರಸ್ತೆ ದಾಟಿ, ಬಸ್ಸಿಗೆ ಕಾಯುವವನ ಹಾಗೆ ನಿಂತುಕೊಂಡೆ.